ಗಾಜಿನ ಹಿಂದಿನ ನಿದ್ದೆ

ಏಪ್ರಿಲ್ ೯

ಪ್ರೀತಿಯ ಗೊರಕೆ ಚಿಕ್ಕಪ್ಪನಿಗೆ,

ಹೀಗೆ ಕರೆದೆನೆಂದು ಬೈಯಬೇಡಿ. ನಿಮ್ಮನ್ನು ಬೇರೆ ಹೇಗೆ ಕರೆಯಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ನಾನು ದಿಂಬು, ಹಾಸಿಗೆ ಅಂಗಡಿಯವರ ಮಗಳು. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಮಾರಾಟಕ್ಕಿಟ್ಟ ಮಂಚದ ಮೇಲೆ ಬೋರಲು ಬಿದ್ದುಕೊಂಡು ಲೆಕ್ಕ ಮಾಡುತ್ತಿದ್ದವಳು. ಉತ್ತರ ತಪ್ಪಿದಾಗಲೆಲ್ಲ ನೀವು, "ಪಾಪ, ನಿನ್ನ ಲೆಕ್ಕಕ್ಕೂ ನಿದ್ದೆ ಬಂದಿದೆ, ಬಿಡು" ಎಂದು ಕೆಣಕುತ್ತಿದ್ದಿರಿ.

ನಿಮ್ಮ ವಿಳಾಸ ಅಮ್ಮ ಕೊಟ್ಟಳು. ಅಪ್ಪನಿಗೆ ಹೇಳಿಲ್ಲ. ಫೋನ್ ಮಾಡೋಣವೆಂದರೆ ಅಂಗಡಿ ಇರುವುದು ಒಂದೇ ಕೋಣೆ, ಅಪ್ಪನ ಕಿವಿ ಇನ್ನೂ ಚುರುಕು.

ವಿಷಯಕ್ಕೆ ಬರುತ್ತೇನೆ. ವ್ಯಾಪಾರ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ದಪ್ಪ ಸೂಜಿ ಹಿಡಿದು ಹೊಲಿಗೆ ಮೇಜಿನ ಹತ್ತಿರ ಕೂತಿರುತ್ತಾನೆ. ಎದುರುಗಡೆ ಒಂದು ದೊಡ್ಡ ಹಾಸಿಗೆ ಮಳಿಗೆ ಬಂದಿದೆ. ಹತ್ತಿರ ಹೋದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಒಳಗೆ ನಗುವವರು ಸಾಲಾಗಿ ನಿಂತಿರುತ್ತಾರೆ. ನಮ್ಮ ಅಂಗಡಿಯ ಮುಂದೆಯೂ ಜನ ನಿಲ್ಲುತ್ತಾರೆ, ಇಲ್ಲವೆನ್ನುವುದಿಲ್ಲ. ನಮ್ಮ ಗಾಜಿನಲ್ಲಿ ಮುಖ ನೋಡಿಕೊಂಡು, ತಲೆ ಬಾಚಿಕೊಂಡು, ರಸ್ತೆ ದಾಟಿ ಅಲ್ಲಿಗೆ ಹೋಗುತ್ತಾರೆ.

ನವೆಂಬರ್ ಕೊನೆಗೆ ಕಟ್ಟಡದ ಕರಾರು ಮುಗಿಯುತ್ತದೆ. "ಅಲ್ಲಿಗೆ ಸಾಕು, ಶಟರ್ ಎಳೆದುಬಿಡೋಣ" ಎಂದು ಅಪ್ಪ ಹೇಳಿಯಾಗಿದೆ. ನನಗೆ ಸಾಕಾಗಿಲ್ಲ ಚಿಕ್ಕಪ್ಪ. ಬೇರೆ ಕೆಲಸ ಸಿಗದೆಂದಲ್ಲ. ನಾನು ಬೆಳೆದದ್ದು ಆ ಹತ್ತಿಯ ವಾಸನೆಯಲ್ಲಿ. ಬೆಳಿಗ್ಗೆ ಎದ್ದು ಆ ಬಾಗಿಲು ತೆಗೆಯುವುದೇ ಇರುವುದಿಲ್ಲ ಎಂದುಕೊಂಡರೆ ಅಳು ಬರುತ್ತದೆ.

ನೀವು ದೊಡ್ಡ ದೊಡ್ಡ ಕಂಪನಿಗಳಿಗೆ ಜಾಹೀರಾತು ಬರೆದವರು. ನಮಗೂ ಒಂದು ಬರೆದುಕೊಡಿ. ಒಂದೇ ಸಾಲು ಸಾಕು. ವಸ್ತುವೊಂದು ಮಾರಾಟವಾಗುವುದು ಯಾತರಿಂದ ಎಂದು ನೀವು ನಂಬಿದ್ದೀರಿ, ಅದನ್ನೂ ತಿಳಿಸಿ. ಅಪ್ಪನನ್ನು ಕೇಳಿದರೆ "ಬೆನ್ನು ತಿರುಗಿಸು" ಅನ್ನುತ್ತಾನೆ. ಅದರ ಮೇಲೆ ಒಂದು ಮಾತಿಲ್ಲ.

ನಿಮ್ಮ
ದಿಂಬು


ಮೇ ೨

ದಿಂಬೂ,

ಬರೆದುಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಆರಾಮಾಗಿ ಓದಬಹುದು.

ನಾನು ಕೆಲಸ ಬಿಟ್ಟು ಬಹಳ ಕಾಲವಾಯಿತು. ಈಗ ಒಂದು ಔಷಧ ಅಂಗಡಿಯ ಮೇಲಿನ ಮನೆಯಲ್ಲಿದ್ದೇನೆ. ಕೆಳಗೆ ಜನ ನಿದ್ದೆ ಮಾತ್ರೆ ಕೊಂಡು ಹೋಗಿ ಮಲಗುತ್ತಾರೆ. ಮೇಲೆ ನಾನು ಅದೇ ಮಾತ್ರೆ ನುಂಗಿ ಕಣ್ಣು ಬಿಟ್ಟುಕೊಂಡಿರುತ್ತೇನೆ. ನಿದ್ದೆ ನನ್ನ ಕೈಬಿಟ್ಟು ವರ್ಷಗಳಾದವು. ನೀನು ನನ್ನನ್ನು ಕರೆದ ಹೆಸರಿಗೆ ನಾನೀಗ ಲಾಯಕ್ಕಲ್ಲ.

ನಂಬಿಕೆ ಏನೆಂದು ಕೇಳಿದ್ದೀಯ. ಕಚೇರಿಯಲ್ಲಿ ಕೆಲಸ ಕಲಿಯಲು ಬಂದವರೂ ಇದನ್ನೇ ಕೇಳುತ್ತಿದ್ದರು, ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಿದ್ದೆ. ನಿನಗೆ ನಿಜ ಹೇಳುತ್ತೇನೆ. ನಾನು ಈ ವಿದ್ಯೆ ಕಲಿತದ್ದು ಒಂದೇ ದಿನ, ಅದೂ ನಿದ್ದೆಯಲ್ಲಿ.

ಅಂಗಡಿ ತೆರೆದ ದಿನ. ನೀನಿನ್ನೂ ಹುಟ್ಟಿರಲಿಲ್ಲ. ಹೊಲಿಗೆ ನಿಮ್ಮಪ್ಪನದು, ಮಾತು ನನ್ನದು ಎಂದು ನಮ್ಮ ಒಪ್ಪಂದ. ಹತ್ತಿ ಹೊತ್ತು, ಮಂಚ ಜೋಡಿಸಿ, ಗಾಜು ಒರೆಸಿ ಇಬ್ಬರೂ ಸೋತು ಸುಣ್ಣವಾಗಿದ್ದೆವು. ಬಾಗಿಲು ತೆಗೆದರೆ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ನಾನು ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. ಜನ ಇನ್ನಷ್ಟು ದೂರ ಸರಿದು ನಡೆದರು. ಕಡೆಗೆ ಗಾಜಿನ ಹಿಂದೆ ಇಟ್ಟಿದ್ದ ಮಂಚದ ಮೇಲೆ ಕೂತೆ, ಒಂದು ಗಳಿಗೆ ಬೆನ್ನು ನೀಡೋಣವೆಂದು. ಆಮೇಲಿನದು ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ಆಚೆ ಗೋಡೆಗೆ ಹೋಗಿತ್ತು. ಗಾಜಿನ ಹೊರಗೆ ಜನವೋ ಜನ. ನಿಮ್ಮಪ್ಪ ನನ್ನ ತಲೆಯ ಹತ್ತಿರ ಗಾಜಿಗೆ ಒಂದು ಕಾಗದ ಅಂಟಿಸಿದ್ದ. ಅವನ ಸೊಟ್ಟ ಅಕ್ಷರದಲ್ಲಿ, "ಮೆತ್ತಗೆ ಮಾತಾಡಿ. ಮಲಗಿದ್ದಾರೆ" ಎಂದಿತ್ತು. ಒಳಗೆ ಕೆಲವರು ತುದಿಗಾಲಲ್ಲಿ ಓಡಾಡುತ್ತ ಹಾಸಿಗೆಗಳನ್ನು ಒತ್ತಿ ನೋಡುತ್ತಿದ್ದರು. ಒಬ್ಬ ಹೆಂಗಸು ಪಿಸುಮಾತಿನಲ್ಲಿ ಬೆಲೆ ಕೇಳಿದಳು, ನಿಮ್ಮಪ್ಪನೂ ಪಿಸುಮಾತಿನಲ್ಲೇ ಹೇಳಿದ. ಚೌಕಾಶಿಯೂ ಪಿಸುಮಾತಿನಲ್ಲೇ ನಡೆಯಿತು.

ಅವನು ಆ ಕಾಗದ ಬರೆದದ್ದು ವ್ಯಾಪಾರಕ್ಕಲ್ಲ. ನಾನು ಮಲಗಲಿ ಎಂದು. ನನ್ನ ಬದುಕಿನಲ್ಲಿ ಕಂಡ ಅತ್ಯುತ್ತಮ ಜಾಹೀರಾತು ಅದೇ, ಬರೆದವನಿಗೆ ಅದು ಜಾಹೀರಾತು ಅಂತಲೇ ಗೊತ್ತಿರಲಿಲ್ಲ. ನಾನು ಆಮೇಲೆ ಸೋಪಿಗೆ, ಸೈಕಲ್ಲಿಗೆ, ಬಿಸ್ಕತ್ತಿಗೆ ಬರೆದದ್ದೆಲ್ಲ ಅದರ ನಕಲು, ಒಂದೂ ಅದರ ಹತ್ತಿರ ಬರಲಿಲ್ಲ.

ಅಂದಿನಿಂದ ಅಂಗಡಿಗೆ ಇದ್ದದ್ದು ಒಂದೇ ಕಾನೂನು. ಯಾರು ಬೇಕಾದರೂ ಬಂದು ಮಲಗಬಹುದು. ಕೊಳ್ಳಲಿ, ಬಿಡಲಿ, ಮಲಗಿದವರನ್ನು ಎಬ್ಬಿಸಬಾರದು. ಅವರು ತಲೆ ಇಟ್ಟ ಕೂಡಲೇ ನಾವು ಬೆನ್ನು ತಿರುಗಿಸಿ ಬೇರೆ ಕೆಲಸಕ್ಕೆ ಕೂರಬೇಕು. "ಯಾರಾದ್ರೂ ನೋಡ್ತಾ ನಿಂತ್ರೆ ನಿನಗೆ ನಿದ್ದೆ ಬರುತ್ತೇನೋ?" ಎಂದು ಕೇಳಿದ್ದ ನಿಮ್ಮಪ್ಪ. ನಿನಗೆ ಈಗ ಅವನು ಹೇಳುತ್ತಿರುವುದೂ ಅಷ್ಟೇ. ಅದನ್ನು ಬಿಡಿಸಿ ಹೇಳುವಷ್ಟು ತಾಳ್ಮೆ ಅವನಿಗೆ ಎಂದೂ ಇರಲಿಲ್ಲ, ಅದು ನನ್ನ ಪಾಲಿನ ಕೆಲಸವಾಗಿತ್ತು.

ಜಾಹೀರಾತು ಬೇಕಿದ್ದರೆ ಅವನನ್ನೇ ಕೇಳು. ನಿಮ್ಮಮ್ಮನಿಗೆ ನನ್ನ ನೆನಪು ಹೇಳು. ಅವನಿಗೆ ಹೇಳಬೇಡ.

ಇತಿ,
ಗೊರಕೆ


ಜೂನ್ ೨೦

ಚಿಕ್ಕಪ್ಪ,

ಅಪ್ಪನನ್ನು ಕೇಳಿದೆ. ನಿಮ್ಮ ಸುದ್ದಿ ಎತ್ತಲಿಲ್ಲ. "ಗಾಜಿಗೆ ಏನಾದ್ರೂ ಬರೆದು ಹಾಕಪ್ಪ" ಎಂದೆ. "ನನ್ನ ಅಕ್ಷರ ಸೊಟ್ಟ" ಎಂದು ಸೂಜಿಗೆ ದಾರ ಪೋಣಿಸತೊಡಗಿದ.

ಸರಿ, ನನಗೆ ತೋಚಿದ್ದನ್ನು ಮಾಡೋಣವೆಂದು ಹೊರಟೆ. ಬಾಗಿಲಿಗೆ ಬಣ್ಣದ ಕಾಗದ ಕಟ್ಟಿದೆ. ರಿಯಾಯಿತಿ ಎಂದು ದೊಡ್ಡದಾಗಿ ಬರೆಸಿದೆ. ಒಂದು ಸ್ಪೀಕರ್ ತಂದು ಹಾಡು ಹಾಕಿದೆ. ಎದುರು ಮಳಿಗೆಯವರು ಏನೇನು ಮಾಡುತ್ತಾರೋ ಅದೆಲ್ಲ, ಅವರಿಗಿಂತ ಸ್ವಲ್ಪ ಕೆಟ್ಟದಾಗಿ. ಜನ ಬಂದರು. ಬೆಲೆ ಕೇಳಿದರು, ಅಲ್ಲಿನ ಬೆಲೆ ಹೇಳಿದರು, ಹೋದರು. ಒಬ್ಬರೂ ಮಲಗಲಿಲ್ಲ.

ಆಸ್ಪತ್ರೆಯ ದಾದಿ ಒಬ್ಬರಿದ್ದಾರೆ, ನಿಮಗೆ ಗೊತ್ತಿರಲಾರದು, ನೀವು ಹೋದ ಮೇಲೆ ಬರತೊಡಗಿದವರು. ರಾತ್ರಿ ಪಾಳಿ ಮುಗಿಸಿ ಬಂದು, ಬಸ್ಸು ಬರುವವರೆಗೆ ಮೂಲೆಯ ಮಂಚದ ಮೇಲೆ ಮಲಗುತ್ತಾರೆ. ಆಕೆ ಇದುವರೆಗೆ ಒಂದು ದಿಂಬಿನ ಚೀಲವನ್ನೂ ಕೊಂಡವರಲ್ಲ. ಆದರೆ ಅವರ ಆಸ್ಪತ್ರೆಯಲ್ಲಿ ಯಾರಿಗೆ ಮದುವೆಯಾದರೂ, ಯಾರು ಮನೆ ಬದಲಿಸಿದರೂ ಹಾಸಿಗೆ ನಮ್ಮಲ್ಲಿಂದಲೇ ಹೋಗುತ್ತದೆ. ಮೊನ್ನೆ ಬಂದರು, ಮಲಗಿದರು, ಹಾಡು ಕೇಳಿ ಎದ್ದು ಕೂತರು. ಹೊದಿಕೆ ಮಡಿಸಿಟ್ಟು, "ಹಾಸಿಗೆ ಚೆನ್ನಾಗೇ ಇದೆಯಮ್ಮ, ಅಂಗಡಿಗೇ ಯಾಕೋ ನಿದ್ದೆ ಕೆಟ್ಟಿದೆ" ಎಂದು ಹೊರಟರು.

ಅಪ್ಪ ಎದ್ದು ಬಂದು ಸ್ಪೀಕರಿನ ವೈರು ಕಿತ್ತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಅಂದಿನಿಂದ ಬಂದಿಲ್ಲ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ತೂಕಡಿಸುವುದನ್ನು ನೋಡಿದೆ.

ನೀವು ಹೇಳಿದ ಆ ಗಾಜಿನ ಹಿಂದಿನ ಮಂಚ ಈಗ ಅಲ್ಲಿಲ್ಲ. ಅಲ್ಲಿ ಅಪ್ಪ ಹಾಸಿಗೆಗಳನ್ನು ಒಂದರ ಮೇಲೊಂದು ಒಟ್ಟಿದ್ದಾನೆ, ಬೀದಿಯೇ ಕಾಣುವುದಿಲ್ಲ. ನೀವು ಹೋದ ವಾರದಿಂದ ಹಾಗೇ ಇದೆ. ನೀವಿಬ್ಬರೂ ಯಾತಕ್ಕೆ ಜಗಳವಾಡಿದಿರಿ? ಅಮ್ಮನನ್ನು ಕೇಳಿದರೆ, "ನಿಮ್ಮಪ್ಪನಿಗೆ ಜಗಳ ಮರೆತುಹೋಗಿದೆ, ಹಟ ಮಾತ್ರ ನೆನಪಿದೆ" ಎನ್ನುತ್ತಾಳೆ.

ದಿಂಬು


ಜುಲೈ ೧೪

ದಿಂಬೂ,

ನಿಮ್ಮಪ್ಪ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ನಗಬೇಕೆನಿಸಿದರೆ ನಗು.

ಒಂದು ವರ್ಷ ವ್ಯಾಪಾರ ಬಹಳ ಇಳಿದಿತ್ತು. ಗಾಜಿನ ಹಿಂದೆ ಯಾರಾದರೂ ಮಲಗಿದ್ದ ದಿನ ಜನ ಬರುತ್ತಿದ್ದರು, ಖಾಲಿಯಿದ್ದ ದಿನ ಇಲ್ಲ. ನಾನೇ ಮಲಗೋಣವೆಂದರೆ ಗಿರಾಕಿಗಳ ಜೊತೆ ಮಾತಾಡುವವರು ಯಾರು? ನಾಟಕ ಕಂಪನಿಯ ನಟನೊಬ್ಬನನ್ನು ಗೊತ್ತು ಮಾಡಿದೆ. ಸಾಯುವ ಪಾತ್ರಗಳಲ್ಲಿ ಎತ್ತಿದ ಕೈ, ಮಲಗುವುದು ಅವನಿಗೆ ಯಾವ ಲೆಕ್ಕ? ಬೆಳಿಗ್ಗೆ ಬಂದು ಅಚ್ಚುಕಟ್ಟಾಗಿ ಮಲಗುತ್ತಿದ್ದ. ಗಾಜಿನ ಮುಂದೆ ಜನ ಸೇರಿದರು. ನಿಮ್ಮಪ್ಪ ಅವನನ್ನು ದಣಿದ ಗಿರಾಕಿ ಎಂದುಕೊಂಡು, ತಾನೇ ಹೋಗಿ ಹೊದಿಕೆ ಹೊದಿಸುತ್ತಿದ್ದ.

ಒಂದು ಸಂಜೆ ನಿಮ್ಮಪ್ಪ ಅಮ್ಮ ನಾಟಕಕ್ಕೆ ಹೋದರು. ಅಲ್ಲಿ ಈ ನಟ ರಂಗದ ಮೇಲೆ ಸತ್ತು ಬಿದ್ದ. ಬಿದ್ದ ರೀತಿ ನೋಡಿಯೇ ನಿಮ್ಮಪ್ಪನಿಗೆ ಗುರುತು ಸಿಕ್ಕಿತಂತೆ.

ಮಾರನೆಯ ಬೆಳಿಗ್ಗೆ ಅಂಗಡಿ ತುಂಬ ಜನ. ನಿಮ್ಮಪ್ಪ ನೇರ ಹೋಗಿ ಅವನ ಭುಜ ಅಲುಗಿಸಿ, "ಏಳಯ್ಯ, ನಾಟಕ ಮುಗೀತು" ಎಂದ. ನನಗೆ ರಕ್ತ ಕುದಿಯಿತು. "ಮಲಗಿದವನನ್ನ ಎಬ್ಬಿಸಿದೆಯಲ್ಲೋ" ಎಂದೆ. "ಅವನು ಎಲ್ಲಿ ಮಲಗಿದ್ದ? ನಟಿಸ್ತಿದ್ದ" ಎಂದ. "ರಾತ್ರಿಯೆಲ್ಲ ನಾಟಕ ಆಡಿ ಬಂದಿದ್ದ, ನಿಜವಾಗ್ಲೂ ಮಲಗಿದ್ದ." "ಇಲ್ಲ." "ಮಲಗಿದ್ದ." "ಇಲ್ಲ." ಇಷ್ಟೇ ದಿಂಬೂ. ಒಬ್ಬ ಮನುಷ್ಯ ನಿದ್ದೆ ಮಾಡುತ್ತಿದ್ದನೋ ಇಲ್ಲವೋ ಎಂದು ನಾವಿಬ್ಬರು ಮಾತು ಬಿಟ್ಟೆವು. ಅಂದು ಸಂಜೆಯೇ ನಾನು ಬಸ್ಸು ಹತ್ತಿದೆ.

ನಾನು ತಪ್ಪು ಮಾಡಿದೆ ಎಂದು ಈಗಲೂ ಒಪ್ಪುವುದಿಲ್ಲ. ಮೊದಲ ಗಿರಾಕಿಯನ್ನು ಯಾರಾದರೂ ಕೈಹಿಡಿದು ಒಳಗೆ ತರಬೇಕು, ಎಷ್ಟು ಒಳ್ಳೆಯ ಹಾಸಿಗೆಯಾದರೂ ತಾನೇ ಬೀದಿಗೆ ಹೋಗಿ ಕರೆಯುವುದಿಲ್ಲ. ಇದು ನನ್ನ ನಂಬಿಕೆ. ಒಳಗೆ ಬಂದವನನ್ನು ಅವನ ಪಾಡಿಗೆ ಬಿಡಬೇಕು, ಇದು ನಿಮ್ಮಪ್ಪನದು. ಇಬ್ಬರೂ ಒಂದೇ ಅಂಗಡಿಯಲ್ಲಿದ್ದಾಗ ಎರಡೂ ನಡೆಯುತ್ತಿದ್ದವು. ನಾನು ಇಲ್ಲಿಗೆ ಬಂದ ಮೇಲೆ ನನ್ನ ಹತ್ತಿರ ಬರೀ ಕರೆಯುವುದು ಉಳಿಯಿತು, ಅವನ ಹತ್ತಿರ ಬರೀ ಬಿಡುವುದು. ಇಲ್ಲಿ ಜನ ನನ್ನನ್ನು ಹೊಗಳಿದರು, ಸನ್ಮಾನ ಮಾಡಿದರು. ಕರೆದವರು ಒಳಗೆ ಬಂದ ಮೇಲೆ ಏನಾದರೋ ನನಗೆ ತಿಳಿಯಲೇ ಇಲ್ಲ.

ಆ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಸದ್ದಿರುತ್ತಿತ್ತು. ಯಾರೋ ಉಸಿರಾಡುವುದು, ನಿಮ್ಮಪ್ಪನ ಸೂಜಿ ದಪ್ಪ ಬಟ್ಟೆಯಲ್ಲಿ ಹೋಗಿ ಬರುವುದು. ಅದನ್ನು ಕೇಳದೆ ಎಷ್ಟು ಕಾಲವಾಯಿತು. ನನಗೆ ಅದು ಬೇಕೆನಿಸುತ್ತದೆ.

ಗೊರಕೆ


ಸೆಪ್ಟೆಂಬರ್ ೬

ಚಿಕ್ಕಪ್ಪ,

ಉತ್ತರ ತಡವಾಯಿತು. ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಬಹಳ ದಿನ ಏನೂ ಬರೆಯಲಾಗಲಿಲ್ಲ.

ಆ ಬೆಳಿಗ್ಗೆ ನಾನಿದ್ದೆ. ಶಾಲೆಗೆ ರಜೆ, ಪಕ್ಕದ ಮಂಚದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದೆ. ನೀವಿಬ್ಬರೂ ಕೂಗಾಡುತ್ತಿದ್ದಾಗ ಆತ ಎದ್ದು ಚಪ್ಪಲಿ ಹುಡುಕುತ್ತಿದ್ದ. ಅವನ ದಿಂಬಿನ ಮೇಲೆ ಅಂಗೈಯಗಲ ಒದ್ದೆಯಾಗಿತ್ತು. ಬಾಯಿ ತೆರೆದು ಮಲಗಿದವರ ಜೊಲ್ಲು. ನಾನು ಅದನ್ನು ನೋಡಿ ಅಸಹ್ಯಪಟ್ಟು ದಿಂಬನ್ನು ಮಗುಚಿ ಹಾಕಿದೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ.

ನಿನ್ನೆ ಊಟದ ಹೊತ್ತಿಗೆ ಅಪ್ಪನಿಗೆ ಎಲ್ಲ ಹೇಳಿದೆ. ನಿಮಗೆ ಕಾಗದ ಬರೆಯುತ್ತಿರುವುದನ್ನೂ. ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ತಲೆಗೆ ಹಚ್ಚಿದ ಎಣ್ಣೆ ಇರಬಹುದು" ಎಂದ. ಅಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಕೈ ತೊಳೆಯುತ್ತ, "ಅವನಿಗೆ ನಿದ್ದೆ ಬರಲ್ವಂತಾ?" ಎಂದು ಕೇಳಿದ. ಹೌದಂತೆ ಎಂದೆ. "ಅಲ್ಲಿನ ಹಾಸಿಗೆ ಸರಿಯಿಲ್ಲ" ಎಂದು ಎದ್ದುಹೋದ.

ನಾನು ಬಣ್ಣದ ಕಾಗದಗಳನ್ನೆಲ್ಲ ಕಿತ್ತು ಹಾಕಿದ್ದೇನೆ. ಬಸ್ ನಿಲ್ದಾಣಕ್ಕೆ ಹೋಗಿ ದಾದಿಯನ್ನು ಕರೆದುಕೊಂಡು ಬಂದೆ. ಗಾಜಿನ ಹಿಂದೆ ಒಟ್ಟಿದ್ದ ಹಾಸಿಗೆಗಳನ್ನು ಇಳಿಸಿ, ಹಳೆಯ ಮಂಚ ಹೊರತೆಗೆದು ಹಾಕಿದೆ. ಅಪ್ಪ ಅದರ ಸುತ್ತ ಓಡಾಡಿದ. ಇಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅದರ ಮೇಲೆ ಹೊಸ ಹಾಸಿಗೆ ಇತ್ತು. ಅಪ್ಪನೇ ಹೊಲಿದದ್ದು, ಯಾವಾಗ ಹೊಲಿದನೋ ತಿಳಿಯದು. ಬೇರೆ ಯಾರನ್ನೂ ಅದರ ಮೇಲೆ ಮಲಗಲು ಬಿಡುತ್ತಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ಒಬ್ಬ ಗಿರಾಕಿಗೆ "ಇದು ಬೇಡ, ಅಲ್ಲಿ ಮಲಗಿ" ಎಂದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಶಟರ್ ಎಳೆಯುವ ಮಾತು ಮಾತ್ರ ಬದಲಾಗಿಲ್ಲ. ಕಟ್ಟಡದ ಯಜಮಾನರಿಗೆ ನವೆಂಬರಿನಲ್ಲಿ ಬೇಡವೆಂದು ಹೇಳಿಬಿಡುವುದಾಗಿ ನಿರ್ಧರಿಸಿದ್ದಾನೆ. ನನಗೆ ನಿಮ್ಮ ಸಾಲು ಬೇಡ ಚಿಕ್ಕಪ್ಪ. ನೀವೇ ಬನ್ನಿ.

ದಿಂಬು


ಅಕ್ಟೋಬರ್ ೧೭

ದಿಂಬೂ,

ಬರುವುದಿಲ್ಲ. ಈ ವಯಸ್ಸಿನಲ್ಲಿ ಯಾರದೋ ಬಾಗಿಲಿಗೆ ಹೋಗಿ ನಿಲ್ಲುವುದು ನನ್ನಿಂದಾಗದು. ಎಣ್ಣೆಯಂತೆ ಎಣ್ಣೆ. ಆ ನಟನಿಗೆ ತಲೆಯಲ್ಲಿ ಕೂದಲೇ ಇರಲಿಲ್ಲ, ನಿಮ್ಮಪ್ಪನಿಗೆ ಹೇಳು.

ಹೊಸ ಹಾಸಿಗೆಗೆ ಯಾವ ಹತ್ತಿ ಹಾಕಿದ್ದಾನೆ? ಇಲ್ಲಿಂದ ಸಂಜೆ ಹೊರಡುವ ಬಸ್ಸು ಈಗಲೂ ಅಂಗಡಿಯ ತಿರುವಿನಲ್ಲೇ ನಿಲ್ಲುತ್ತದೆಯೇ? ಸುಮ್ಮನೆ ಕೇಳಿದೆ.

ಗೊರಕೆ


ನವೆಂಬರ್ ೨೧

ಲೋ ಗೊರಕೆ,

ಇದನ್ನು ನಿನ್ನ ದಿಂಬಿನ ಪಕ್ಕದಲ್ಲಿಡುತ್ತೇನೆ. ಎದ್ದ ಮೇಲೆ ಓದಿಕೋ. ಎದುರು ಮಾತಾಡಲು ಹೋದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

ಬೆಳಿಗ್ಗೆ ನೀನು ಬಂದೆ. ಕೈಯಲ್ಲಿ ಚೀಲ, ಮುಖ ಊದಿಕೊಂಡಿತ್ತು. ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. ನೇರ ಮಂಚದ ಹತ್ತಿರ ಹೋಗಿ ಹಾಸಿಗೆಗೆ ಹೆಬ್ಬೆರಳು ಒತ್ತಿ, "ಹತ್ತಿ ಕಡಿಮೆ ಹಾಕಿದೀಯ" ಎಂದೆ. "ಮಲಗಿ ನೋಡಿ ಮಾತಾಡು" ಎಂದೆ ನಾನು. ನೀನು ಮಲಗಿದೆ. ಬೂಟು ಬಿಚ್ಚಲಿಲ್ಲ, ಅದನ್ನು ನಾನೇ ಆಮೇಲೆ ಬಿಚ್ಚಿದೆ. ಮಲಗಿಕೊಂಡೇ ಆ ನಾಟಕದವನ ವಿಷಯ ಎತ್ತಿದೆ. "ಅವನಿಗೆ ಕೂದಲೇ ಇರ್ಲಿಲ್ಲ ಕಣೋ, ಎಣ್ಣೆ ಎಲ್ಲಿಂದ" ಅಂದವನು ಮುಂದಿನದನ್ನು ಹೇಳಲೇ ಇಲ್ಲ. ಸಿಟ್ಟು ಬಂತೇನೋ ಎಂದು ತಿರುಗಿ ನೋಡಿದೆ. ನೀನು ನಿದ್ದೆ ಹೋಗಿದ್ದೆ.

ಅವನು ಅಂದು ನಿಜವಾಗಿ ಮಲಗಿದ್ದನೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ದಿಂಬು ಹೇಳುವುದನ್ನು ನಂಬಬೇಕು, ನನ್ನ ಮಗಳು. ಆದರೂ ಗೊತ್ತಿಲ್ಲ. ನೀನು ಮಾತ್ರ ನಿಜವಾಗಿ ಮಲಗಿದ್ದೀಯ. ಹೊಲಿಗೆ ಮೇಜಿನವರೆಗೂ ಕೇಳುತ್ತಿದೆ.

ಮೊದಲು ಒಂದು ಮಗು ಗಾಜಿಗೆ ಮೂಗು ಒತ್ತಿ ನಿಂತಿತು. ಆಮೇಲೆ ಅದರ ತಾಯಿ, ಆಮೇಲೆ ಒಬ್ಬೊಬ್ಬರೇ. ಎದುರು ಮಳಿಗೆಯ ನಗುವವರಲ್ಲಿ ಒಬ್ಬ ಬಂದು ಕೈಕಟ್ಟಿಕೊಂಡು ನೋಡಿದ. ನಗಲಿಲ್ಲ, ಆಕಳಿಸಿದ. ದಾದಿ ಮೂಲೆಯ ಮಂಚದ ಮೇಲಿದ್ದಾಳೆ. ಯಾರೋ ಗಂಡ ಹೆಂಡತಿ ನೋಡಲು ಬಂದವರು ಅವರೂ ಒಂದರ ಮೇಲೆ ಮಲಗಿಬಿಟ್ಟಿದ್ದಾರೆ. ದಿಂಬು ಎಲ್ಲರಿಗೂ ಬೆನ್ನು ತಿರುಗಿಸಿ ಕೂತು ಗುಂಡಿ ಹೊಲಿಯುತ್ತಿದ್ದಾಳೆ. ಅವಳಿಗೆ ಅದನ್ನು ಬಿಡಿಸಿ ಹೇಳಿದವನು ನೀನಂತೆ. ನಾನು ಬೆನ್ನು ತಿರುಗಿಸಲು ನೋಡಿದೆ, ಇಂದು ಆಗಲಿಲ್ಲ. ಇಲ್ಲೇ ಕುರ್ಚಿ ಹಾಕಿಕೊಂಡು ನಿನ್ನ ಕಡೆ ಮುಖ ಮಾಡಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಟ್ಟಡದ ಯಜಮಾನರು ಉತ್ತರ ಕೇಳಲು ಬಂದರು. ಬೇಡ ಎಂಬ ಮಾತನ್ನು ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದೆ. ಅವರದು ದೊಡ್ಡ ಗಂಟಲು, ನಿನಗೆ ಗೊತ್ತಲ್ಲ. "ಏನಪ್ಪಾ, ಖಾಲಿ ಮಾಡ್ತೀಯೋ ಇಲ್ವೋ" ಎಂದು ಶುರುಮಾಡಿದರು. ನೀನು ನಿದ್ದೆಯಲ್ಲಿ ಮಗ್ಗುಲಾದೆ. ನಾನು ಬಾಯಿಗೆ ಬೆರಳಿಟ್ಟು, ಅವರ ತೋಳು ಹಿಡಿದು ಬೀದಿಗೆ ಕರೆದುಕೊಂಡು ಹೋದೆ. ಖಾಲಿ ಮಾಡುತ್ತೇನೆ ಎಂದರೆ ಒಳಗೆ ಬಂದು ನಿಮ್ಮನ್ನೆಲ್ಲ ಎಬ್ಬಿಸಬೇಕಲ್ಲವೇ? ಗೋಡೆಗೆ ಕಾಗದ ಒತ್ತಿ ಹಿಡಿದು ಹೊಸ ಕರಾರಿಗೆ ರುಜು ಹಾಕಿ ಬಂದೆ. ದಿಂಬುವಿಗೆ ತೋರಿಸಿದೆ. ಅವಳು ಸದ್ದಾಗದಂತೆ ಅತ್ತಳು.

ಅವಳು ಕೇಳಿದ್ದ ಜಾಹೀರಾತೂ ಆಯಿತು. ನಿನ್ನ ತಲೆಯ ಹತ್ತಿರ ಗಾಜಿಗೆ ಅಂಟಿಸಿದ್ದೇನೆ, ಹಳೆಯದೇ ಮಾತು. ಅಕ್ಷರ ಸೊಟ್ಟ ಎಂದು ಎದ್ದ ಕೂಡಲೇ ಶುರುಮಾಡಬೇಡ.

ಈಗ ಸಂಜೆಯಾಗಿದೆ. ಉಳಿದವರೆಲ್ಲ ಎದ್ದು ಹೋದರು. ಮನೆಯಿಂದ ಎರಡು ಸಲ ಕರೆ ಬಂತು. ನಮ್ಮದೂ ನಿನ್ನದೂ ಸೇರಿ ಇಲ್ಲಿಗೇ ಊಟ ಕಳಿಸಲು ಹೇಳಿದ್ದೇನೆ. ಅವಸರವಿಲ್ಲ. ನೀನು ಏಳುವವರೆಗೆ ನಾನು ಇಲ್ಲೇ ಇರುತ್ತೇನೆ.

ನಿನ್ನ
ಹಾಸಿಗೆಯವನು